ನಮ್ಮೂರ ಲೈಬ್ರರಿ ಸಂಜೆ ಹೊತ್ತೂ ತೆಗೆದಿರಲಿ

ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವಳು, ಮನೇಲೇ ಬ್ಲೌಸ್ ಹೊಲೀತೀನಿ, ನಮ್ ಯಜಮಾನ್ರು ತೆಂಗಿನ ತೋಟ ನೋಡ್ಕೋತಾರೆ. ಪೇಪರಿಗೆ ಕಾಗದ ಬರೀತಿರೋದು ಇದೇ ಮೊದಲು. ವಿಷಯ ನಮ್ಮ ಪಂಚಾಯ್ತಿ ಲೈಬ್ರರಿದು. ಈಗ ಬೋರ್ಡಲ್ಲಿ ಅರಿವು ಕೇಂದ್ರ ಅಂತ ಇದೆ, ಆದ್ರೆ ಊರಲ್ಲಿ ಎಲ್ರೂ ಲೈಬ್ರರಿ ಅಂತ್ಲೇ ಅನ್ನೋದು.

ಮೊದಲೆಲ್ಲಾ ನಾನು ಅದರ ಒಳಗೆ ಕಾಲಿಟ್ಟವಳೇ ಅಲ್ಲ. ಗಂಡಸರು ಕೂತ್ಕೊಂಡು ಪೇಪರ್ ಓದೋ ಜಾಗ ಅಂದ್ಕೊಂಡಿದ್ದೆ, ನಾನೊಬ್ಳೇ ಅಲ್ಲ, ನಮ್ಮ ಬೀದಿ ಹೆಂಗಸ್ರೆಲ್ಲಾ ಹಂಗೇ ಅಂದ್ಕೊಂಡಿದ್ರು. 2019ರಲ್ಲಿ ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದ್ವು, ಆಮೇಲೆ ಕೊರೋನಾದಲ್ಲಿ ಸ್ಕೂಲು ಮುಚ್ಚಿತ್ತಲ್ಲ, 2020ರ ನವೆಂಬರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಫ್ರೀಯಾಗಿ ಮೆಂಬರ್‌ಶಿಪ್ ಕೊಟ್ರು. ಮಗಳನ್ನ ಸೇರಿಸೋಕೆ ಹೋದೆ. ಮೊದಲೆರಡು ದಿನ ಹೊರಗೆ ಜಗಲಿ ಮೇಲೆ ಕೂತಿದ್ದೆ, ಮೂರನೇ ದಿನ ಅಲ್ಲಿನ ಮೇಡಂ "ಒಳಗೆ ಬನ್ನಿ ಅಕ್ಕ, ಬಿಸಿಲಲ್ಲಿ ಯಾಕೆ ಕೂತಿದೀರಾ" ಅಂತ ಕುರ್ಚಿ ಎಳೆದು ಹಾಕಿದ್ರು. ಅವತ್ತಿಂದ ಹೋಗ್ತಾನೇ ಇದೀನಿ, ನನ್ನ ನೋಡಿ ನಮ್ಮ ಸ್ತ್ರೀಶಕ್ತಿ ಸಂಘದವರೂ ಬರೋಕೆ ಶುರು ಮಾಡಿದ್ರು.

ಅಲ್ಲಿ ಏನು ನಡೆಯುತ್ತೆ ಅಂತ ಒಂದು ಹೇಳ್ಬೇಕು. ನಮ್ಮ ಕಡೆ ಕೊಬ್ಬರಿನೇ ಜೀವನ. ಒಬ್ರು ಅಜ್ಜ ದಿನಾ ಬಂದು "ಕನ್ನಡಕ ಮರೆತು ಬಂದೆ ಕಣಮ್ಮ, ಕೊಬ್ಬರಿ ಎಷ್ಟಾಗಿದೆ ಸ್ವಲ್ಪ ಓದು" ಅಂತ ನನ್ನ ಮಗಳ ಮುಂದೆ ಪೇಪರ್ ಸರಿಸೋರು. ಅವರಿಗೆ ಅಕ್ಷರ ಬರಲ್ಲ ಅನ್ನೋದು ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಇವಳು ಮಾರುಕಟ್ಟೆ ಧಾರಣೆ ಹುಡುಕಿ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಮಾದರಿ ಇಷ್ಟು ಅಂತ ಜೋರಾಗಿ ಓದೋಳು. ಒಂದಿನ ಅಜ್ಜ "ಈ ಮಾದರಿ ಅಂದ್ರೆ ಏನು" ಅಂದ್ರು, ಇವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ರು ಪೇಪರ್ ಕೆಳಗಿಟ್ಟು ಹೇಳಿದ್ರು, ಅವತ್ತು ಮಾರ್ಕೆಟ್ಟಲ್ಲಿ ಹೆಚ್ಚು ಮಾಲು ಯಾವ ರೇಟಿಗೆ ಹೋಗುತ್ತೋ ಅದೇ ಮಾದರಿ ಬೆಲೆ, ನಿಮ್ಮ ಮನೆ ಬಾಗಿಲಿಗೆ ಬರೋನು ಕನಿಷ್ಠ ತೋರಿಸಿ ಕೇಳ್ತಾನೆ, ನೀವು ಮಾದರಿ ನೋಡಿ ಮಾತಾಡಿ ಅಂತ. ಅಜ್ಜ ಮನೆಗೆ ಬಂದ ದಲ್ಲಾಳಿ ಹತ್ರ ಆ ಸಲ ಕೊಬ್ಬರಿ ಕೊಡ್ಲಿಲ್ಲ. ಆ ಟೇಬಲ್ ಹತ್ರ ಕೂರದೇ ಇದ್ದಿದ್ರೆ ಅವರು ಇದನ್ನ ಯಾರನ್ನ ಕೇಳ್ತಿದ್ರು?

ಇನ್ನೊಂದ್ಸಲ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಬಂತು, ನಾಳೆ ಒಳಗೆ ಹೆಬ್ಬೆಟ್ಟು ಕೊಡದಿದ್ರೆ ರೇಷನ್ ಕಾರ್ಡ್ ರದ್ದು ಅಂತ. ಹೆಂಗಸ್ರು ಕೂಲಿ ಬಿಟ್ಟು ನ್ಯಾಯಬೆಲೆ ಅಂಗಡಿಗೆ ಓಡಿದ್ರು, ಪಾಪ ಒಬ್ಳು ಬಾಣಂತಿ ಮಗೂನ ಎತ್ಕೊಂಡು ನಿಂತಿದ್ಳು. ಲೈಬ್ರರಿ ಮೇಡಂ ಅವತ್ತಿನ ಪೇಪರುಗಳನ್ನ ತಗೊಂಡು ಅಲ್ಲಿಗೇ ಬಂದು, ಟೈಮ್ ಇನ್ನೂ ಇದೆ ನೋಡಿ ಅಂತ ಓದಿ ತೋರಿಸಿದ್ಮೇಲೆ ಕ್ಯೂ ಕರಗಿತು.

ಇಂಥ ಲೈಬ್ರರಿ ಈಗ ಆರು ತಿಂಗಳಿಂದ ಸಂಜೆ 5ಕ್ಕೆ ಬೀಗ. ಹೈಸ್ಕೂಲ್ ಮಕ್ಕಳು ಬಸ್ ಇಳಿಯೋದೇ ಐದೂವರೆಗೆ, ತೋಟಕ್ಕೆ ಹೋದವರು ಬರೋದು ಆರಕ್ಕೆ. ಪೇಪರ್ ಐದು ಬರ್ತಿದ್ದಿದ್ದು ಎರಡಕ್ಕೆ ಇಳಿದಿದೆ, ಬಿಲ್ ಪಾಸಾಗಿಲ್ವಂತೆ. ಕೇಳೋಕೆ ಹೋದ್ರೆ "ಈಗ ಎಲ್ಲಾ ಮೊಬೈಲಲ್ಲೇ ಬರುತ್ತಲ್ಲಮ್ಮ" ಅಂತ ಉತ್ತರ. ನಮ್ಮನೇಲಿ ಇರೋದು ಒಂದೇ ಟಚ್ ಫೋನು, ಅದು ಬೆಳಿಗ್ಗೆನೇ ಯಜಮಾನ್ರ ಜೊತೆ ತೋಟಕ್ಕೆ ಹೋಗುತ್ತೆ. ಹೋದ್ಸಲ ಗ್ರಾಮಸಭೆ ನೋಟಿಸ್ ಬರೀ ಗ್ರೂಪಿಗೆ ಹಾಕಿದ್ರು, ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಅದು ಎಲ್ಲಿ ಹೋಯ್ತೋ, ನಮಗೆ ಗೊತ್ತಾಗಿದ್ದು ಸಭೆ ಮುಗಿದ ಮಾರನೇ ದಿನ. ಮನೆ ಇಲ್ದೋರಿಗೆ ಮನೆ ಕೊಡೋ ಪಟ್ಟಿ ಅದೇ ಸಭೆಲಿ ಆಗೋದು, ಕಾನೂನು ಪ್ರಕಾರ ಆರು ತಿಂಗಳಿಗೊಂದಾದ್ರೂ ನಡೀಬೇಕಾದ ಸಭೆ ಅದು, ಊರಿನ ಅರ್ಧ ಜನಕ್ಕೆ ಸುದ್ದಿನೇ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ? ಮುಂಚೆ ಲೈಬ್ರರಿ ನೋಟಿಸ್ ಬೋರ್ಡಲ್ಲಿ ವಾರದ ಮುಂಚೆನೇ ಅಂಟಿಸ್ತಿದ್ರು, ಅಂಗನವಾಡಿ ಕೆಲಸಕ್ಕೆ ಅರ್ಜಿ ಕರೆದಿದ್ದು, ಕೃಷಿಹೊಂಡದ ಸಬ್ಸಿಡಿ ಎಲ್ಲಾ ನಾನು ಅಲ್ಲೇ ಓದಿದ್ದು.

ದುಡ್ಡಿಲ್ಲ ಅನ್ನೋ ಮಾತು ನನಗೆ ಒಪ್ಪಿಗೆ ಆಗಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿಂದ ಜನ ಲೈಬ್ರರಿಗೆ ಅಂತ ಕರ ಕಟ್ಕೊಂಡೇ ಬಂದಿದಾರೆ, ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಬೇರೆ ಸಾಲೇ ಇರುತ್ತೆ. ನೂರು ರೂಪಾಯಿ ಕಂದಾಯಕ್ಕೆ 6 ರೂಪಾಯಿ. ಅದರಲ್ಲಿ ಮೂರು ಪೇಪರ್ ತರಿಸೋಕೆ ಆಗಲ್ವಾ.

ಮೇಡಂ ಮೇಲೆ ನನ್ನ ದೂರು ಇಲ್ಲ. ಅವರೊಬ್ರೇ ಬೆಳಿಗ್ಗೆಯಿಂದ ಇರ್ತಾರೆ, ಅವರಿಗೂ ಮನೆ ಮಕ್ಕಳು ಇದಾರೆ, ರಾತ್ರಿ ಎಂಟರವರೆಗೂ ನೀವೇ ಕೂತ್ಕೊಳ್ಳಿ ಅಂದ್ರೆ ಅನ್ಯಾಯ. ಅದಕ್ಕೆ ನಮ್ಮ ಸಂಘದಲ್ಲಿ ಮಾತಾಡಿದೀವಿ. ಪಂಚಾಯ್ತಿಯವರು ಒಪ್ಪಿ ಒಂದು ಬೀಗದ ಕೈ ಕೊಟ್ರೆ ಸಂಜೆ 6ರಿಂದ 8ರವರೆಗೆ ಸರದಿ ಮೇಲೆ ನಾವೇ ನೋಡ್ಕೋತೀವಿ, ಪುಸ್ತಕ ಕೊಟ್ಟಿದ್ದು ತಗೊಂಡಿದ್ದು ರಿಜಿಸ್ಟರಲ್ಲಿ ಬರೆದಿಡ್ತೀವಿ, ಲೈಟು ಫ್ಯಾನು ಆರಿಸಿ ಬೀಗ ಹಾಕ್ಕೊಂಡು ಬರ್ತೀವಿ. ಹತ್ತು ಜನ ಹೆಸರು ಕೊಟ್ಟಿದಾರೆ. ಬುಧವಾರ ನನ್ನ ಸರದಿ, ಅವತ್ತು ಐದೂವರೆಗೆಲ್ಲಾ ಮಿಷನ್ ನಿಲ್ಲಿಸಿಬಿಡ್ತೀನಿ.

ಇಂತಿ,
ತಿಪಟೂರು ತಾಲ್ಲೂಕಿನ ನಿಮ್ಮ ಓದುಗರೊಬ್ಬರು