ರಾತ್ರಿ ಬಸ್ಸಿಗೆ ಬರಬೇಡ

ಕೂಸೇ,

ಮೊನ್ನೆ ನೀನು ಫೋನಿಟ್ಟ ಮೇಲೆ ನಾನಾಗಿ ಮಾಡಲಿಲ್ಲ. ಮಾಡಿದ್ದರೆ ಮತ್ತದೇ ಜಗಳ, ಉಬ್ಬಸದ ನಿನ್ನ ಮಾಣಿಯನ್ನು ಈ ಬೆಟ್ಟದ ಬೆಂಕಿಯ ಹೊಗೆಗೆ ಕರೆತರುವುದೋ ಬೇಡವೋ ಎಂದು. ಬರೆಯುವಾಗ ನೀನು ನಡುವೆ ಬಾಯಿ ಹಾಕುವುದಿಲ್ಲ, ಅದೊಂದು ಅನುಕೂಲ.

"ನಾವೆಲ್ಲ ಇದೇ ಹೊಗೆ ಕುಡಿದು ಬೆಳೆದವರು" ಅಂದೆನಲ್ಲ, ಆ ಮಾತು ತಪ್ಪು. ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ಎಲ್ಲದರ ಹೊಗೆಯನ್ನೂ ಕುಡಿದದ್ದು ಹೌದು. ಹಳೇ ಮನೆಗಳ ಹೆಂಗಸರ ಕೆಮ್ಮನ್ನು ಯಾರೂ ಲೆಕ್ಕ ಇಡಲಿಲ್ಲ, ಅಷ್ಟೇ. ಹೋದ ವರ್ಷ ಮಾಣಿಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಮೇಲಿನ ಬೆಟ್ಟಕ್ಕೆ ಭಾನುವಾರ ಬೆಂಕಿ ಬಿತ್ತು. ಅಪ್ಪಯ್ಯ, ಊರವರು, ಇಲಾಖೆಯ ವಾಚರುಗಳು ಸೇರಿ ಹಸಿ ಟೊಂಗೆಯಲ್ಲಿ ಬಡಿದು ಸಂಜೆಯೊಳಗೆ ಉರಿ ಆರಿಸಿದರು. ಉರಿ ಆರಿತೆಂದರೆ ಮುಗಿಯಿತು ಎಂದು ಎಲ್ಲರೂ ಮನೆಗೆ ಬರುತ್ತಾರೆ. ಹೊಗೆಯ ಕಥೆ ಶುರುವಾಗುವುದೇ ಆಮೇಲೆ. ಒಣ ದರಕು (ಉದುರಿದ ಎಲೆ) ಭಗ್ಗನೆ ಉರಿದು ಹೋಗುತ್ತದೆ, ಅದರ ಹೊಗೆ ಮೇಲೇರಿ ಚದುರುತ್ತದೆ. ಬಿದ್ದ ಮರದ ದಿಮ್ಮಿ, ಹಳೇ ಬೊಡ್ಡೆ, ದಪ್ಪಗೆ ಕೂತ ಎಲೆಯ ಅಡಿಪದರ ಹಾಗಲ್ಲ. ಒಳಗೊಳಗೇ ನಾಲ್ಕೈದು ದಿನ ಕನಲುತ್ತವೆ, ಬಿಸಿ ಸಾಲದೆ ಅರೆಬರೆ ಸುಟ್ಟು ಇನ್ನಷ್ಟು ಹೊಗೆ ಬಿಡುತ್ತವೆ. ಎಕರೆ ಅಡಿಕೆ ತೋಟಕ್ಕೆ, ಗೊಬ್ಬರದ ಸೊಪ್ಪಿಗೆಂದು, 9 ಎಕರೆ ಸೊಪ್ಪಿನ ಬೆಟ್ಟ ಎಂದು ಹೆಮ್ಮೆಯಿಂದ ಹೇಳುತ್ತೇವೆ. ದರಕು ಗುಡಿಸಿ ಕೊಟ್ಟಿಗೆಗೆ ತರಲು ಆಳು ಸಿಗದೆ ಅದು ಅಲ್ಲೇ ಮೊಳಕಾಲುದ್ದ ಬಿದ್ದಿರುತ್ತದೆ. ಅಕೇಶಿಯಾ ನೆಟ್ಟ ಕಡೆಯಂತೂ ಎಲೆ ಬೇಗ ಕೊಳೆಯುವುದೂ ಇಲ್ಲ.

ಈಗ ನಿನಗೆ ಹೇಳಬೇಕಾದ್ದು. ಹೊಗೆ ಇಡೀ ದಿನ ಒಂದೇ ಸಮ ಇರುವುದಿಲ್ಲ. ಬಿಸಿಲೇರಿದಾಗ ನೆಲ ಕಾದು, ಗಾಳಿ ಮೇಲೆದ್ದು, ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಬೆಟ್ಟದ ಮೈ ತಣ್ಣಗಾಗಿ, ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಬರುತ್ತದೆ, ಹೊಗೆಯ ಸಮೇತ. ತೋಟ ಇರುವುದು ಕಣಿವೆಯಲ್ಲಿ, ಮನೆ ಇರುವುದು ತೋಟದ ತಲೆಯಲ್ಲಿ. ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಕೂತಿರುತ್ತದೆ. ನಸುಕಿಗೆ 4ರಿಂದ 8ರವರೆಗೆ ಅಡಿಕೆ ಮರದ ಕೊನೆ ಕಾಣದಷ್ಟು ಹೊಗೆ. ನೀನು ಕಳಿಸಿದ ಅಳೆಯುವ ಯಂತ್ರ ಜಗಲಿಯ ಕಂಬಕ್ಕೆ ತೂಗುಹಾಕಿದ್ದೇನೆ. ನಿನ್ನೆ ನಸುಕಿನ 5 ಗಂಟೆಗೆ ಪಿಎಂ 2.5 (ಎದೆಗಿಳಿಯುವ ಸಣ್ಣ ಕಣ) ಲೆಕ್ಕ ಘನ ಮೀಟರಿಗೆ 170 ಮೈಕ್ರೋಗ್ರಾಂ ಇತ್ತು, 11ಕ್ಕೆ 48. ನಮ್ಮ ದೇಶದ ಮಿತಿ ದಿನದ ಸರಾಸರಿ 60, ವಿಶ್ವ ಆರೋಗ್ಯ ಸಂಸ್ಥೆಯದ್ದು 15. ಇಬ್ಬನಿ ಬಿದ್ದ ದಿನ ಮಾತ್ರ ಆ ಯಂತ್ರವನ್ನು ನಂಬಬೇಡ. ನೀರಿನ ಹನಿಯನ್ನೂ ಹೊಗೆಯೆಂದೇ ಎಣಿಸಿ ಹೆಚ್ಚು ತೋರಿಸುತ್ತದೆ. ಕಣ್ಣು ಉರಿಯದೆ, ಗಂಟಲು ಕೆರೆಯದೆ ಇದ್ದರೆ ಅದು ಇಬ್ಬನಿ.

ಕತ್ತಲೆ ಕೋಣೆಯನ್ನು ಮಾಣಿಗೆಂದು ಸರಿಮಾಡಿದ್ದೇನೆ. ಜಗಲಿಗೂ ನಡುಮನೆಗೂ ಮೇಲೆ ಬರೀ ಹಂಚು, ಸಾವಿರ ಸಂದು. ಅಲ್ಲಿ ಗಾಳಿ ಸೋಸುವ ಎಂಥ ಯಂತ್ರ ಇಟ್ಟರೂ ಅಂಗಳದ ಗಾಳಿ ಸೋಸಿದಂತೆ. ಈ ಕೋಣೆಗೆ ಹಲಗೆಯ ಮುಚ್ಚಿಗೆ ಇದೆ, ಕಿಟಕಿ ಒಂದೇ. ಹಲಗೆಯ ಸಂದಿಗೆ ಮೈದಾ ಅಂಟಿನಲ್ಲಿ ಪೇಪರ್ ಅಂಟಿಸಿ, ಅಟ್ಟದ ಮೇಲೆ ತಾಡಪಾಲು ಹಾಸಿದೆ. ಕಿಟಕಿಯ ಅಂಚಿಗೆ ಅಗಲ ಟೇಪು, ಬಾಗಿಲ ಬುಡಕ್ಕೆ ಸುತ್ತಿಟ್ಟ ಹಳೇ ಸೀರೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಕೆಂದು ಪಕ್ಕದ ಮನೆಯವರು ಹೇಳುತ್ತಾರೆ. ಅದು ಬೂದಿ ತಡೆದೀತು, ಎದೆಗಿಳಿಯುವ ಸಣ್ಣ ಕಣವನ್ನಲ್ಲ.

ಚಾಲಿ ಅಡಿಕೆ ಕೊಟ್ಟ ದುಡ್ಡಲ್ಲಿ, ಅಪ್ಪಯ್ಯನನ್ನು ಕೇಳದೆ, ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರಿನ ಪ್ಯೂರಿಫೈಯರ್ ತಂದೆ. ಲೆಕ್ಕ ಹಾಕಿಯೇ ತಂದದ್ದು. ಕೋಣೆ 10 ಅಡಿಗೆ 12, ಎತ್ತರ 8, ಅಂದರೆ 27 ಘನ ಮೀಟರ್ ಗಾಳಿ. ಯಂತ್ರ ತಾಸಿಗೆ 200 ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ. ಕೋಣೆಯ ಗಾಳಿ ತಾಸಿಗೆ ಏಳು ಸಲ ಸೋಸಿದಂತಾಯಿತು, ಹೊಗೆಗೆ ಅಷ್ಟು ಬೇಕು. ಡಬ್ಬದ ಮೇಲೆ ಬರೆದ ಆ ಲೆಕ್ಕ ಪೂರ್ತಿ ವೇಗದ್ದು. ಸದ್ದು ಅಂತ ರಾತ್ರಿ ಸ್ಲೀಪಿಗೆ ಹಾಕಿದರೆ ಅದರ ಕಾಲುಭಾಗವೂ ಸಿಕ್ಕದೆ ಹೋಗಬಹುದು, ಅದೂ ನಸುಕಿನ ಹೊತ್ತಲ್ಲೇ! ಮಲಗುವ ಅರ್ಧ ತಾಸು ಮೊದಲು ಪೂರ್ತಿ ವೇಗ, ಆಮೇಲೂ ಒಂದೇ ಮೆಟ್ಟಿಲು ಇಳಿಸು. ಗೋಡೆಯಿಂದ ಒಂದಡಿ ಈಚೆ ಇರಲಿ. ಹೊಸ ಫಿಲ್ಟರಿಗೆ ಒಳಗೆ ಪ್ಲಾಸ್ಟಿಕ್ ಸುತ್ತಿರುತ್ತಾರೆ, ಅದನ್ನು ತೆಗೆಯದೆ ಓಡಿಸುವವರೂ ಇದ್ದಾರೆ. (ನಗಬೇಡ.) ಬಾಗಿಲು ಹಾಕಿಯೇ ಇದ್ದರೆ ಉಸಿರುಗಟ್ಟುತ್ತದೆ, ಮಧ್ಯಾಹ್ನ ಲೆಕ್ಕ ಇಳಿದಾಗ ಅರ್ಧ ತಾಸು ಕಿಟಕಿ ತೆರೆಯಬೇಕು. ಕರೆಂಟು ಹೋದರೆ ಯಂತ್ರ 50 ವ್ಯಾಟ್, ಫ್ಯಾನು 70, ಬಲ್ಬು 10. 150 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದರೆ ಎಂಟೊಂಬತ್ತು ತಾಸು. ನಮ್ಮದು ಹಳೇದು, ಆರು ಹಿಡಿ. ಟಿವಿ ಬಂದ್.

ಮನೆಯೊಳಗೆ ಹುಟ್ಟುವ ಹೊಗೆಯನ್ನೂ ನಿಲ್ಲಿಸಿದ್ದೇನೆ. ಬಚ್ಚಲೊಲೆಗೆ ಬೆಂಕಿ ಮಧ್ಯಾಹ್ನ ಮಾತ್ರ, ಮೀಯುವುದೂ ಆಗಲೇ. ದೇವರಿಗೆ ದೀಪ ಸಾಕು, ಊದುಬತ್ತಿ ಇಲ್ಲ. ಸೊಳ್ಳೆಬತ್ತಿ ಬದಲು ಪರದೆ. ಒಣ ಕಸಬರಿಗೆ ಕೂತ ಬೂದಿಯನ್ನು ಮತ್ತೆ ಎಬ್ಬಿಸುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸುವುದು.

ಎನ್‌95 ಮಾಸ್ಕು ನಿನಗೆ ಆದೀತು. ಮಾಣಿಯ ಮುಖಕ್ಕೆ ಕೆನ್ನೆ ಹತ್ತಿರ ಸಂದು ಬಿಡುತ್ತದೆ, ಅದನ್ನು ನಂಬಿ ಅವನನ್ನು ಹೊರಗೆ ಬಿಡಬೇಡ. ಅಪ್ಪಯ್ಯನ ಗಡ್ಡಕ್ಕೂ ಅದು ಕೂರುವುದಿಲ್ಲ. ಒದ್ದೆ ಟವೆಲು ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಹೇಳಿದರೆ ಕೇಳಬೇಕಲ್ಲ.

ಮಾಣಿ ಚೆನ್ನಾಗಿದ್ದಾನೆಂದು ದಿನಾ ಕೊಡುವ ಇನ್‌ಹೇಲರ್ ನಿಲ್ಲಿಸಿದ್ದೇನೆ ಎಂದು ಮೊನ್ನೆ ಮಾತಿನ ನಡುವೆ ನೀನೇ ಅಂದೆ. ಅವನು ಚೆನ್ನಾಗಿರುವುದೇ ಅದರಿಂದ ಇರಬಹುದು. ಅದು ಒಳಗಿನ ಊತ ಇಳಿಸುವ ಔಷಧ, ನಿಧಾನಕ್ಕೆ ಹಿಡಿಯುತ್ತದೆ, ಹೊಗೆ ಕಂಡ ದಿನ ಶುರುಮಾಡಿದರೆ ಆ ದಿನಕ್ಕೆ ಬರುವುದಿಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಉಬ್ಬಸ ಬಂದಾಗ ಕೊಡುವ ಸಾಲ್ಬುಟಮಾಲ್ ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಎಂದು ಚೀಟಿಯಲ್ಲಿ ಬರೆಸಿಕೊಂಡು ಬಾ, ನನಗೂ ಓದುವ ಹಾಗೆ. ಪ್ರತಿ ಸಲ ಅಲುಗಿಸಿ, ಸ್ಪೇಸರಿಗೆ (ಇನ್‌ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಗೆ) ಒಂದೇ ಒತ್ತು, ಐದಾರು ಉಸಿರು, ಆಮೇಲೆ ಮುಂದಿನದು. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡು. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್ ವಿದ್ಯುತ್ ಹಿಡಿದು ಔಷಧವೆಲ್ಲ ಗೋಡೆಗೆ ಅಂಟಿಕೊಳ್ಳುತ್ತದೆ. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದರೆ, ಪೂರ್ತಿ ವಾಕ್ಯ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಔಷಧ ಕೊಟ್ಟ ಆರಾಮ ನಾಲ್ಕು ತಾಸೂ ಉಳಿಯದಿದ್ದರೆ ಕಾಯುವುದಿಲ್ಲ, ಶಿರಸಿಯ ಆಸ್ಪತ್ರೆಗೆ ಹೊರಡುವುದೇ. ನೋಡು, ಮತ್ತೆ ಪಾಠ ಶುರುವಾಯಿತು. ಇದರಲ್ಲಿ ಅರ್ಧ ನೀನೇ ನನಗೆ ಕಲಿಸಿದ್ದು. ರಾತ್ರಿ ಎರಡಕ್ಕೆ ನಿದ್ದೆಗಣ್ಣಲ್ಲೂ ಕೈ ನಡುಗದೆ ಸ್ಪೇಸರ್ ಹಿಡಿಯುತ್ತೀ, ನನಗೆ ಅದು ಇನ್ನೂ ಬರುವುದಿಲ್ಲ.

ಇನ್ನೊಂದು, ಹೊಗೆ ಇಲ್ಲದ ದಿನವೂ ಮಾಣಿಯನ್ನು ಬೆಟ್ಟಕ್ಕೆ ಒಯ್ಯುವುದು ಬೇಡ. ಮಂಗನ ಕಾಯಿಲೆಯ ಉಣುಗಿಗೂ ಇದೇ ಕಾಲ.

ನೀನು ರಾತ್ರಿ ಬಸ್ಸಿಗೆ ನೋಡುತ್ತಿದ್ದೀ ಎಂದು ಅಪ್ಪಯ್ಯ ಹೇಳಿದರು. ಮಾಣಿ ನಿದ್ದೆ ಮಾಡುತ್ತಾನೆ, ಅನುಕೂಲ ಹೌದು. ಆದರೆ ಅದು ಶಿರಸಿಗೆ ಮುಟ್ಟುವುದು ನಸುಕಿಗೆ, ಅಲ್ಲಿಂದ ಕಣಿವೆಗಿಳಿಯುವುದು ಸರಿಯಾಗಿ ಆ 5, 6 ಗಂಟೆಗೆ. ನಾನು ಬೆಳಗ್ಗೆ ಎದ್ದು ಆ ಲೆಕ್ಕ ನೋಡಿದಾಗಲೆಲ್ಲ ಬಸ್ಸಿಂದ ಇಳಿಯುವ ಮಾಣಿಯೇ ಕಣ್ಣಿಗೆ ಬರುತ್ತಾನೆ. ಕೋಣೆ ಎಷ್ಟು ಮುಚ್ಚಿದರೂ ದಾರಿ ಮುಚ್ಚಲಾಗುವುದಿಲ್ಲ. ಬೆಳಗಿನ ಬಸ್ಸಿಗೆ ಹೊರಟು ಹೊತ್ತು ಮುಳುಗುವ ಮೊದಲು ಮುಟ್ಟು. ಅಪ್ಪಯ್ಯ ಕಾರು ತರುತ್ತಾರೆ. ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಬೇಕು, ಅವರಿಗೆ ಮರೆಯುತ್ತದೆ, ನೀನೇ ಒತ್ತು.

ಟಿಕೆಟ್ ತೆಗೆಸುವ ಮೊದಲು ಫೋನ್ ಮಾಡು. ಅಳೆಯುವ ಯಂತ್ರವನ್ನು ಒಂದು ರಾತ್ರಿ ಕೋಣೆಯೊಳಗೆ ಇಟ್ಟು ನಸುಕಿನ ಲೆಕ್ಕ ಹೇಳುತ್ತೇನೆ. 15ರ ಆಚೆ ಇದ್ದರೆ ಮಳೆ ಬಿದ್ದ ಮೇಲೇ ಬನ್ನಿ ಎಂದು ನಾನೇ ಹೇಳುತ್ತೇನೆ.

ಆಯಿ