ಊದುವ ಮೊದಲು ಮೈ ಏನು ಮಾಡುತ್ತದೆ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಟ್ರಂಪೆಟ್ ಕಲಿಯುತ್ತಿರುವುದು ತುಂಬಾ ಖುಷಿಯ ವಿಷಯ. ಆದರೆ ನಿನ್ನ ಪತ್ರ ಓದುತ್ತಾ ಹೋದಂತೆ ಸ್ವಲ್ಪ ಕಳವಳವೂ ಆಯಿತು. ತುಟಿ ಬೇಗ ಸೋತುಹೋಗುತ್ತದೆ. ಮೇಲಿನ ಸ್ವರಕ್ಕೆ ಹೋಗುವಾಗ ಕತ್ತು ಬಿಗಿಯುತ್ತದೆ. ಮೊದಲ ಸ್ವರ ಹೊರಡುವುದೇ ಇಲ್ಲ, ಗಾಳಿ ಒಳಗೇ ಸಿಕ್ಕಿಕೊಂಡ ಹಾಗಾಗುತ್ತದೆ. ಇದಕ್ಕೆಲ್ಲ ಇನ್ನೂ ಏನು ಮಾಡಬೇಕು ಅಂತ ಕೇಳಿದ್ದೀಯ. ನನಗೇನೋ ನೀನು ಈಗಾಗಲೇ ಜಾಸ್ತಿ ಮಾಡುತ್ತಿದ್ದೀಯ ಅನ್ನಿಸುತ್ತದೆ. ಯಾವುದನ್ನು ಬಿಡಬಹುದು ಅಂತ ಮೊದಲು ನೋಡೋಣ.

ಟ್ರಂಪೆಟ್ ಮಡಿಲಲ್ಲಿಟ್ಟುಕೊಂಡು ಕೂತುಕೋ. ಊದಬೇಡ. ಈಗ ಊದುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡು ನಿಧಾನವಾಗಿ ಅದನ್ನು ತುಟಿಯ ಕಡೆ ಎತ್ತು. ಪಕ್ಕದಿಂದ ಫೋನಿನಲ್ಲಿ ವಿಡಿಯೊ ಮಾಡಿಕೋ. ಹೆಚ್ಚಿನ ಕಲಿಯುವವರಲ್ಲಿ ಕಾಣುವುದು ಇದು: ವಾದ್ಯ ಬರುವ ಮೊದಲೇ ಮುಖ ಮುಂದಕ್ಕೆ ಚಾಚಿ ಅದನ್ನು ಎದುರುಗೊಳ್ಳಲು ಹೊರಟಿರುತ್ತದೆ. ಭುಜ ಕಿವಿಯ ಕಡೆ ಏರಿರುತ್ತದೆ. ತೊಡೆ ಬಿಗಿದಿರುತ್ತದೆ. ಉಸಿರು ಒಳಗೆ ಬಂದು ಅಲ್ಲೇ ಒಂದು ಗಳಿಗೆ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ ಗಂಟಲು ಮುಚ್ಚಿರುತ್ತದೆ, ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿರುತ್ತದೆ, ಹೊಟ್ಟೆ ಮಾತ್ರ ಕೆಳಗಿನಿಂದ ತಳ್ಳುತ್ತಲೇ ಇರುತ್ತದೆ. ಭಾರದ ಸಾಮಾನು ಎತ್ತುವಾಗ ಮೈ ತಾನಾಗಿ ಮಾಡುವ ಕೆಲಸ ಇದು. ಟ್ರಂಪೆಟ್ ತೂಗುವುದು ಸುಮಾರು 1 ಕಿಲೊ. ಅದಕ್ಕೆ ಇಷ್ಟೆಲ್ಲ ಬೇಕಾ?

ನಿನ್ನ ಮೊದಲ ಸ್ವರ ಸಿಕ್ಕಿಕೊಳ್ಳುವುದು ಇಲ್ಲೇ ಇರಬೇಕು. ಒಳಗೆ ಬಂದ ಉಸಿರು ಎಲ್ಲೂ ನಿಲ್ಲದೆ ತಿರುಗಿ ಹೊರಟರೆ ಸ್ವರ ಶುರುಮಾಡಲು ನಾಲಿಗೆಗೆ ದೊಡ್ಡ ಕೆಲಸವೇ ಇರುವುದಿಲ್ಲ. ಮೊದಲು ವಾದ್ಯ ಇಲ್ಲದೆ, ಅಂಗೈ ಮೇಲೆ ಊದಿ ಇದನ್ನು ನೋಡು. ಆಮೇಲೆ ನಾಲಿಗೆ ತಾಗಿಸದೆ ಬರೀ ಗಾಳಿಯಿಂದ ಒಂದು ನಡುವಿನ ಸ್ವರ ಹೊರಡಿಸು. ಮೊದಮೊದಲು ಮಸುಕಾಗಿ ಬರುತ್ತದೆ, ಬರಲಿ.

ವಿಡಿಯೊ ಮಾಡಿಕೋ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಮೈ ಬಗ್ಗೆ ನಮಗೆ ಅನ್ನಿಸುವುದೆಲ್ಲ ನಿಜವಲ್ಲ. ಎಫ್. ಎಂ. ಅಲೆಕ್ಸಾಂಡರ್ ಅಂತ ಒಬ್ಬರಿದ್ದರು. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದವರು, ವೇದಿಕೆಯ ಮೇಲೆ ನಾಟಕದ ಮಾತು, ಪದ್ಯ ಹೇಳುವ ಕಸುಬು. ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯುತ್ತಿತ್ತು. ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತಿತ್ತು, ವೇದಿಕೆ ಹತ್ತಿದರೆ ಮತ್ತೆ ಅದೇ ಕಥೆ. ಹಾಗಾದರೆ ಹೇಳುವಾಗ ನಾನೇ ಏನೋ ಮಾಡುತ್ತಿರಬೇಕು ಅಂತ ಅವರು ಕನ್ನಡಿಯ ಮುಂದೆ ನಿಂತರು. ತಲೆ ಹಿಂದಕ್ಕೆ ಎಳೆಯುವುದು, ಗಂಟಲು ಕೆಳಕ್ಕೆ ಅದುಮುವುದು, ಬಾಯಿಂದ ಸದ್ದು ಮಾಡಿ ಉಸಿರೆಳೆಯುವುದು ಕಂಡಿತು. ಸರಿ, ತಲೆ ಮುಂದಕ್ಕೆ ತಂದರಾಯಿತು ಅಂದುಕೊಂಡು ಹಾಗೇ ಮಾಡಿದರು. ಮಾಡುತ್ತಿದ್ದೇನೆ ಅಂತ ಖಾತ್ರಿಯೂ ಇತ್ತು. ಪಕ್ಕಕ್ಕೆ ಇನ್ನಷ್ಟು ಕನ್ನಡಿ ಇಟ್ಟು ನೋಡಿದರೆ ತಲೆ ಹಿಂದಕ್ಕೇ ಹೋಗುತ್ತಿತ್ತು!

ಇದು ನಮ್ಮೆಲ್ಲರಿಗೂ ಅನ್ವಯಿಸುವ ಮಾತು. ವರ್ಷಗಟ್ಟಲೆ ಮಾಡಿದ ರೂಢಿ ಎಷ್ಟೇ ಸೊಟ್ಟಗಿದ್ದರೂ ಮೈಗೆ ನೆಟ್ಟಗೇ ಅನ್ನಿಸುತ್ತದೆ. ನೆಟ್ಟಗಿರುವುದನ್ನು ಮೊದಲ ಸಲ ಮಾಡಿದಾಗ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಹಾಗಾಗಿ ಹೊಸ ರೀತಿಯಲ್ಲಿ ಊದಿ, "ಸರಿ ಅನ್ನಿಸಲಿಲ್ಲ" ಅಂತ ಬಿಟ್ಟುಬಿಡಬೇಡ. ಸದ್ದು ಹೇಗಿತ್ತು, ವಿಡಿಯೊದಲ್ಲಿ ಏನು ಕಂಡಿತು, ಅದನ್ನು ಕೇಳಿಕೋ.

ಇನ್ನು "ಡಯಾಫ್ರಮ್‌ನಿಂದ ಊದು" ಅನ್ನುವ ಮಾತು. ಹೇಳಿಕೊಡುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಕಲಿಯುವವರು ಅದನ್ನು ಅಕ್ಷರಶಃ ಹಿಡಿದುಕೊಂಡು ಒದ್ದಾಡುತ್ತಾರೆ. ಡಯಾಫ್ರಮ್ ಅಂದರೆ ವಪೆ, ಶ್ವಾಸಕೋಶದ ಕೆಳಗೆ ಗುಮ್ಮಟದ ಹಾಗೆ ಬಾಗಿರುವ ಸ್ನಾಯು. ಉಸಿರು ಒಳಗೆ ತೆಗೆದುಕೊಳ್ಳುವಾಗ ಅದು ಬಿಗಿದು ಕೆಳಗಿಳಿಯುತ್ತದೆ. ಊದುವಾಗ ಸಡಿಲವಾಗಿ ಮೇಲೇರುತ್ತದೆ. ಗಾಳಿಯನ್ನು ಹೊರಗೆ ತಳ್ಳುವುದು ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ವಪೆ ಆಡುವುದು ನಮಗೆ ನೇರವಾಗಿ ಗೊತ್ತಾಗುವುದೂ ಇಲ್ಲ. ನೀನು ಬಿಗಿ ಹಿಡಿಯುತ್ತಿರುವುದು ಹೊಟ್ಟೆಯ ಗೋಡೆಯನ್ನು. ಅದನ್ನು ಮೊದಲೇ ಕಲ್ಲು ಮಾಡಿಕೊಂಡರೆ ವಪೆ ಕೆಳಗಿಳಿಯಲು ಜಾಗ ಎಲ್ಲಿದೆ? ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಎದೆ ಎತ್ತಿ ಹಿಡಿಯುವುದೂ ಅಷ್ಟೇ, ಪಕ್ಕೆಲುಬು ಆಡಬೇಕು, ಆಡಲು ಬಿಡು.

ಕತ್ತಿನ ವಿಷಯಕ್ಕೆ ಬರುತ್ತೇನೆ. ತಲೆ ಬೆನ್ನೆಲುಬಿನ ಮೇಲೆ ಕೂತಿರುವ ಜಾಗ ಎಲ್ಲಿದೆ ಅಂತ ಕೇಳಿದರೆ ಬಹಳ ಜನ ಕತ್ತಿನ ಹಿಂಭಾಗ ತೋರಿಸುತ್ತಾರೆ. ನಿಜಕ್ಕೂ ಅದು ಇರುವುದು ಹೆಚ್ಚುಕಡಿಮೆ ಎರಡು ಕಿವಿಗಳ ನಡುವೆ, ಅಷ್ಟು ಎತ್ತರದಲ್ಲಿ. ದವಡೆಯ ಕೀಲು ಕಿವಿಯ ಮುಂದೆಯೇ ಇದೆ, ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಸಿಗುತ್ತದೆ. ಅಷ್ಟು ಮೇಲಿಂದ ತಲೆ ಸುಮ್ನೆ ಹೌದು ಅಂದ ಹಾಗೆ ಆಡಿಸಿ ನೋಡು. ಇಡೀ ಕತ್ತು ಬಾಗಿಸಿ ಆಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ತುಟಿ ಸೋಲುವುದಕ್ಕೆ ನನ್ನ ಮೊದಲ ಅನುಮಾನ ನಿನ್ನ ಬಲಗೈ ಕಿರುಬೆರಳಿನ ಮೇಲೆ. ಟ್ರಂಪೆಟ್ಟಿನ ಮೇಲಿರುವ ಆ ಚಿಕ್ಕ ಕೊಕ್ಕೆಯೊಳಗೆ ಬೆರಳು ಸಿಕ್ಕಿಸಿದರೆ, ಸ್ವರ ಮೇಲೇರಿದಂತೆಲ್ಲ ಕೈ ಅದನ್ನು ಹಿಡಿದು ವಾದ್ಯವನ್ನು ಮುಖದ ಕಡೆ ಎಳೆಯುತ್ತದೆ. ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ತುದಿ, ತುಟಿಯನ್ನು ಹಲ್ಲಿಗೆ ಒತ್ತುತ್ತದೆ. 440 ಹರ್ಟ್ಸ್‌ನ ಸ್ವರ ಅಂದರೆ ತುಟಿ ಸೆಕೆಂಡಿಗೆ 440 ಸಲ ಅದುರಬೇಕು. ಅಷ್ಟು ಬೇಗ ಯಾವ ಸ್ನಾಯುವನ್ನೂ ನಾವು ಬೇಕೆಂದು ಆಡಿಸಲಾರೆವು, ಗಾಳಿಯೇ ಅದುರಿಸಬೇಕು. ಒತ್ತಿಟ್ಟ ತುಟಿ ಅದುರುವುದು ಹೇಗೆ? ರಕ್ತ ಓಡಾಡುವುದೂ ಕಷ್ಟ. ಕಿರುಬೆರಳನ್ನು ಕೊಕ್ಕೆಯ ಮೇಲೆ ಸುಮ್ನೆ ಇಟ್ಟು ಊದಿ ನೋಡು. ಮೇಲಿನ ಒಂದೆರಡು ಸ್ವರ ಕೈತಪ್ಪಬಹುದು. ಅವು ಇಷ್ಟು ದಿನ ನಿಂತಿದ್ದುದು ಕೈಯ ಬಲದ ಮೇಲೆ ಅಂತ ಗೊತ್ತಾಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ತುಟಿಯ ಸ್ನಾಯು ಹರಿದುಹೋಗುವ ತೊಂದರೆಗೆ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರಿನ ಮೇಲೆ ಸ್ಯಾಚ್ಮೊ ಸಿಂಡ್ರೋಮ್ ಅಂತಲೇ ಹೆಸರಿದೆ. ಅಷ್ಟು ದೊಡ್ಡ ವಾದಕರೂ ತುಟಿಯ ಗಾಯದಿಂದ ನರಳಿದರು.

ಮೇಲಿನ ಸ್ವರಕ್ಕೆ ಕೈಯ ಬದಲು ನಾಲಿಗೆ ನೆರವಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಸಿಳ್ಳೆ ಹಾಕು, ನಾಲಿಗೆ ತಾನಾಗಿ ಏರುವುದು ಗೊತ್ತಾಗುತ್ತದೆ. ಹಾರ್ನ್ ಅನ್ನುವ, ಟ್ರಂಪೆಟ್ ಜಾತಿಯದೇ ವಾದ್ಯ ಊದುವವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಊದಿಸಿ, ಬಾಯೊಳಗಿನ ಚಿತ್ರವನ್ನೇ ತೆಗೆದಿದ್ದಾರೆ. ಅಲ್ಲೂ ಸ್ವರ ಏರಿದಂತೆ ನಾಲಿಗೆ ಏರುವುದು ಕಾಣುತ್ತದೆ.

ಕೆನ್ನೆ ಉಬ್ಬಿಸಬಾರದು ಅನ್ನುವ ನಿಯಮದ ಬಗ್ಗೆ ಕೇಳಿದ್ದೀಯಲ್ಲ, ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿಕೊಂಡೇ ಜಗತ್ತು ಮೆಚ್ಚುವಂತೆ ಊದಿದರು. ನೀನೂ ಹಾಗೆ ಮಾಡು ಅಂತಲ್ಲ. ಕೆನ್ನೆ ಉಬ್ಬಿದರೆ ಹೆಚ್ಚಿನವರಿಗೆ ತುಟಿಯ ಮೂಲೆ ಸಡಿಲವಾಗುತ್ತದೆ, ಅದು ನಿಜ. ಆದರೆ ನಿಯಮ ಯಾಕಿದೆ ಅಂತ ತಿಳಿದುಕೊಂಡು ಪಾಲಿಸು. ನಿನ್ನ ಗುರುಗಳನ್ನೂ ಕೇಳು. ಒಳ್ಳೆಯ ಗುರುಗಳು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಇದನ್ನೆಲ್ಲ ಊದುತ್ತಿರುವಾಗಲೇ ಯೋಚಿಸಲು ಹೋದರೆ ಸಂಗೀತ ಸತ್ತುಹೋಗುತ್ತದೆ. ಷಿಕಾಗೋ ಸಿಂಫನಿ ವಾದ್ಯವೃಂದದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಊದಿದ ಆರ್ನಲ್ಡ್ ಜೇಕಬ್ಸ್ ಉಸಿರಾಟದ ಅಂಗರಚನೆಯನ್ನು ಆಳವಾಗಿ ಓದಿಕೊಂಡವರು. ಆದರೂ ಶಿಷ್ಯರಿಗೆ ಅವರು ಹೇಳುತ್ತಿದ್ದುದು ಹಾಡು ಮತ್ತು ಗಾಳಿ, ಇವೆರಡರ ಮೇಲೆ ಮನಸ್ಸಿಡಿ ಅಂತ. ಉಸಿರಿನ ರೂಢಿ ಬದಲಿಸುವ ಕೆಲಸವನ್ನು ಅವರು ವಾದ್ಯ ಪಕ್ಕಕ್ಕಿಟ್ಟು, ಬೇರೆ ಸಾಧನಗಳಿಂದ ಮಾಡಿಸುತ್ತಿದ್ದರು. ನನಗೆ ಇದು ಬಹಳ ಸರಿ ಅನ್ನಿಸುತ್ತದೆ. ಮೈಯನ್ನು ಪ್ರಶ್ನಿಸುವುದು ಊದುವ ಮೊದಲು, ಊದಿದ ಮೇಲೆ. ಊದುವಾಗ ನಿನಗೆ ಬೇಕಾದ ಸದ್ದು ತಲೆಯಲ್ಲಿ ಮೊಳಗುತ್ತಿರಲಿ, ಸಾಕು.

ತುಟಿ ಮರಗಟ್ಟಿದರೆ, ಅಥವಾ ನಿನ್ನ ಮಾತು ಕೇಳದೆ ತಾನಾಗಿ ಎಳೆಯಲು ಶುರುವಾದರೆ, ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಅದನ್ನು ಹಠದಿಂದ ಗೆಲ್ಲಲು ಹೋಗಬೇಡ ಮಾರಾಯ. ಮತ್ತೆ, ಆ ಪಕ್ಕದ ವಿಡಿಯೊ ಮಾಡಿದ ಮೇಲೆ ನನಗೂ ಕಳಿಸು. ಕಿರುಬೆರಳು ಕಾಣುವ ಹಾಗೆ ಇರಲಿ.

ನಿನ್ನ
ಗೆಳೆಯ