ಪದರದ ಕಾಂತತೆಯೋ, ಚಿಮುಟದ ಕಬ್ಬಿಣವೋ?

ಮಾನ್ಯ ಸಂಪಾದಕರೇ,

ಹಾರ್ಡ್ ಡಿಸ್ಕ್ ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಕಬ್ಬಿಣ-ಪ್ಲಾಟಿನಂ ಮಿಶ್ರಲೋಹವನ್ನು ಬಾಯ್ತುಂಬ ಹೊಗಳಿತು. ಆ ಲೋಹವನ್ನು ತೆಳುಪದರವಾಗಿ ಕೂರಿಸುವ ತಳದ ಹರಳಿನ ಮಾತನ್ನೇ ಎತ್ತಲಿಲ್ಲ. ಮುಂಬೈ, ಪುಣೆಯ ಲ್ಯಾಬುಗಳಲ್ಲಿ ಈ ಕೆಲಸಕ್ಕಿಳಿಯುವ ಎಂ.ಎಸ್ಸಿ. ವಿದ್ಯಾರ್ಥಿಗಳು ಎಡವುವುದು ಅಲ್ಲೇ.

ಎರಡೂ ಲೋಹದ ಪರಮಾಣುಗಳು ಅರ್ಧಕ್ಕರ್ಧ ಸೇರಿ, ಒಂದು ಅಂತಸ್ತು ಕಬ್ಬಿಣ, ಮೇಲಿನದು ಪ್ಲಾಟಿನಂ ಎಂದು ಜೋಡಿಕೊಂಡಾಗ ಲೋಹದ ಹರಳಿನ ಘಟಕದ ಅಗಲ 3.85 ಆಂಗ್‌ಸ್ಟ್ರಾಮ್ (ನ್ಯಾನೊಮೀಟರ್‌ನ ಹತ್ತನೇ ಒಂದು ಪಾಲು), ಎತ್ತರ 3.71. ಕಾಂತತೆಗೆ ಒಗ್ಗುವ ದಿಕ್ಕು ಆ ಗಿಡ್ಡ ಬದಿಯದು. ಅಡಿಯ ಮೆಗ್ನೀಸಿಯಂ ಆಕ್ಸೈಡ್ ಹರಳಿನ ಅಳತೆ 4.21. ಅದು ಪದರವನ್ನು ಅಡ್ಡಕ್ಕೆ ಎಳೆಯುವುದರಿಂದ ಉದ್ದ ಬದಿ ಮಲಗಿ, ಗಿಡ್ಡದ್ದು ಎದ್ದು ನಿಲ್ಲುತ್ತದೆ. ಬರೀ ಗಾಜಿನ ಮೇಲೆ ಈ ಶಿಸ್ತು ತಾನಾಗಿ ಬಾರದು.

ಪದರ ಕೂರಿಸುವಾಗ ಹರಳು 500-600 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ತಣ್ಣಗಿದ್ದರೆ ಪರಮಾಣುಗಳು ಕಲಸಿಹೋಗುತ್ತವೆ. ತಾಮ್ರದಿಂದ ಹೊರಡಿಸಿದ ಎಕ್ಸ್-ರೇಯನ್ನು ಪದರದ ಮೇಲೆ ಹಾಯಿಸಿ, ಚದುರಿದ ಕಿರಣದ ಗ್ರಾಫಿನಲ್ಲಿ 24 ಡಿಗ್ರಿ ಕೋನದ ಬಳಿ ಶಿಖರ ಕಾಣದಿದ್ದರೆ ಅಂತಸ್ತು ಕಟ್ಟಿಲ್ಲವೆಂದೇ ತಿಳಿಯಿರಿ. ಅತಿಯಾಗಿ ಕಾಯಿಸಿದರೆ ಪದರ ಹರಿದು ದ್ವೀಪಗಳಾಗುತ್ತದೆ. ಹಾಗೆ ಹರಿದದ್ದರಿಂದಲೇ ಕಾಂತತೆಯನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುವುದನ್ನು ಕಂಡು ‘ಪದರ ಚೆನ್ನಾಗಿ ಬಂತು’ ಎನ್ನುವವರಿದ್ದಾರೆ!

ಮೆಗ್ನೀಸಿಯಂ ಆಕ್ಸೈಡ್ ಹರಳಿನದು ಅಡುಗೆ ಉಪ್ಪಿನದೇ ರಚನೆ, ತೇವದ ಚಪಲವೂ ಹಾಗೇ. ಡಬ್ಬಿಯೊಳಗಿನ ಉಪ್ಪು ನೀರೊಡೆಯುವ ಮುಂಬೈ ಮಳೆಗಾಲದಲ್ಲಿ ಇದರ ಮೈಮೇಲೆ ಹೈಡ್ರಾಕ್ಸೈಡ್ ಪೊರೆ ಕಟ್ಟುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪಾತ್ರೆಯಲ್ಲಿ (ಡೆಸಿಕೇಟರ್) ಇಡಿ, ನೀರಿನಲ್ಲಿ ತೊಳೆಯಬೇಡಿ. ಅಸಿಟೋನ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪದರ ಹಾಕುವ ಮುನ್ನ ನಿರ್ವಾತದಲ್ಲೇ 600-700 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ.

ಪದರದ ಕಾಂತತೆ ಅಳೆಯುವಾಗಿನ ಮೋಸ ಇನ್ನೂ ದೊಡ್ಡದು. 5 ಮಿಮೀ ಚೌಕದ, ಅರ್ಧ ಮಿಮೀ ದಪ್ಪದ ಹರಳಿನ ಮೇಲೆ 10 ನ್ಯಾನೊಮೀಟರ್ ಪದರವೆಂದರೆ ತಳ 50,000 ಪಟ್ಟು ದಪ್ಪ. 5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಹರಳಿನ ವಿರುದ್ಧ ಕಾಂತತೆ (ಕ್ಷೇತ್ರಕ್ಕೆ ಎದುರು ದಿಕ್ಕಿನದು) ಪದರದ ಕಾಂತತೆಯ ಸುಮಾರು ಎರಡು ಪಟ್ಟು. ಸ್ಟೀಲ್ ಚಿಮುಟದಲ್ಲಿ ಹಿಡಿದಾಗ ಅಂಚಿಗೆ ಮೆತ್ತಿದ ಕಬ್ಬಿಣ ಒಂದೇ ಮೈಕ್ರೋಗ್ರಾಂ ಇದ್ದರೂ, ಅಂದರೆ ಕೂದಲಿನಷ್ಟು ದಪ್ಪದ ಕಣ, ಪದರದ ಮುಕ್ಕಾಲು ಪಾಲಿನಷ್ಟು ಸಂಕೇತ ಕೊಡುತ್ತದೆ. ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಚಿಮುಟ ಬಳಸಿ.

ಹರಳಿನ ಪಾಲು ಕಳೆಯಲು, ಕಾಂತಕ್ಷೇತ್ರ ಏರಿದಂತೆ ಕಾಂತತೆ ತೋರಿಸುವ ಗ್ರಾಫಿನ ತುದಿಗೆ ಸರಳರೇಖೆ ಎಳೆದು ಅದನ್ನು ಕಳೆಯುವುದು ರೂಢಿ. ಪದರಕ್ಕೆ ಲಂಬವಾಗಿ ಅಳೆದಾಗ ಅದು ಸರಿ. ಸಮತಲದಲ್ಲಿ ಅಳೆದಾಗ ತಪ್ಪು: ಆ ದಿಕ್ಕಿನಲ್ಲಿ ಈ ಲೋಹ ಪೂರ್ತಿ ತಿರುಗಲು 10 ಟೆಸ್ಲಾಕ್ಕೂ ಹೆಚ್ಚು ಬೇಕು. 5 ಟೆಸ್ಲಾದಲ್ಲಿ ಕಾಣುವ ಏರಿನಲ್ಲಿ ಪದರದ್ದೂ ಪಾಲಿರುತ್ತದೆ, ರೇಖೆ ಅದನ್ನೂ ನುಂಗುತ್ತದೆ. ಅದೇ ಪ್ಯಾಕೆಟ್ಟಿನ ಖಾಲಿ ಹರಳನ್ನು ಅಷ್ಟೇ ಹೊತ್ತು ಕಾಯಿಸಿ, ಬೇರೆಯಾಗಿ ಅಳೆದು, ಆ ಅಂಕಿಯನ್ನು ಕಳೆಯಬೇಕು.

– ಇಬ್ಬರು ಭೌತಶಾಸ್ತ್ರ ಅಧ್ಯಾಪಕರು, ಚೆಂಬೂರು, ಮುಂಬೈ